ಹೆರಕಲ್ ಹಿನ್ನೀರಿನ ಬೆರಕೆ ಬಾತು

ಬೀಳಗಿಯ ಮಾಸ್ತರರು ಕಳಿಸಿದ ಫೋಟೊದಲ್ಲಿ ಮುಕ್ಕಾಲು ಪಾಲು ಮಂಜೇ ಇತ್ತು. ಉಳಿದ ಕಾಲು ಪಾಲಿನಲ್ಲಿ ಬೂದು ನೀರು, ನೀರಿನ ಮೇಲೆ ಐದಾರು ವರಟೆ (ನಮ್ಮ ಕೆರೆಗಳ ಸ್ಪಾಟ್‌ಬಿಲ್ ಬಾತು), ಅವುಗಳ ನಡುವೆ ವರಟೆಯಲ್ಲದ ಒಂದು ಬಾತು. ಕೆಳಗೆ ಬರೆದಿದ್ದರು: ‘ವರಟಿ ಹಿಂಡಿನ್ಯಾಗ ಐತ್ರಿ, ಆದ್ರ ವರಟಿ ಅಲ್ಲ. ತಲಿ ಹಸರ ಮಿಂಚತೈತಿ. ನೀವ ಒಮ್ಮೆ ಬಂದು ನೋಡ್ರಿ.’

ಹಸಿರು ತಲೆ ಅಂದ ಕೂಡಲೇ ಎಲ್ಲರ ಬಾಯಿಗೂ ಮೊದಲು ಬರುವ ಹೆಸರು ಮಲ್ಲಾರ್ಡ್. ನನ್ನ ಬಾಯಿಗೂ ಅದೇ ಬಂತು, ಆದರೆ ಹೇಳಲಿಲ್ಲ. ಮಲ್ಲಾರ್ಡ್ ಚಳಿಗಾಲಕ್ಕೆ ಉತ್ತರ ಭಾರತದ ಕೆರೆ ನದಿಗಳಿಗೆ ಇಳಿಯುವ ಹಕ್ಕಿ. ಕೃಷ್ಣೆಯ ತನಕ ಬಂದರೆ ಅದು ಸುದ್ದಿ. ಮೇಲಾಗಿ ಆ ಮಂಜಿನಲ್ಲೂ ಹಕ್ಕಿಯ ಕೆನ್ನೆ ತಿಳಿಬಣ್ಣ ಇದ್ದದ್ದು ಕಾಣುತ್ತಿತ್ತು. ಮಲ್ಲಾರ್ಡ್ ಗಂಡಿಗೆ ಕೆನ್ನೆಯೂ ಹಸಿರೇ ಇರಬೇಕು. ಸಂಕ್ರಮಣ ಮುಗಿದ ಮೇಲೆ ರಜೆ ಹೊಂದಿಸಿಕೊಂಡು ಹುಬ್ಬಳ್ಳಿಯಲ್ಲಿ ಬಾಗಲಕೋಟೆ ಬಸ್ಸು ಹತ್ತಿದೆ.

ಶುಕ್ರವಾರ

ದಾರಿಯುದ್ದಕ್ಕೂ ಎರಿ ಹೊಲಗಳಲ್ಲಿ ಬಿಳಿಜೋಳ ತೆನೆ ಹಿರಿದು ನಿಂತಿತ್ತು. ಕಡಲೆ, ಕುಸುಬಿ, ನಡುನಡುವೆ ಕಬ್ಬು ಹೇರಿಕೊಂಡು ಹಾಡು ಹಚ್ಚಿಕೊಂಡು ಹೊರಟ ಟ್ರ್ಯಾಕ್ಟರುಗಳು. ನವನಗರದಲ್ಲಿ ಚೀಲ ಇಳಿಸಿ, ಸಂಜೆಯ ಬೆಳಕಿಗೆ ನೇರವಾಗಿ ಮುಚಖಂಡಿ ಕೆರೆಗೆ ಹೋದೆ. ಮಾಸ್ತರರಿಗೆ ಇದು ಸರಿ ಕಾಣಲಿಲ್ಲ. ‘ಹಕ್ಕಿ ಇರೋದು ಹೆರಕಲ್ ಕಡೆ, ನೀವು ಮುಚಖಂಡಿಗೆ ಯಾಕ ಹೊಂಟೀರಿ?’ ಅಂತ ಫೋನಿನಲ್ಲಿ ಕೇಳಿದರು.

ಕಾರಣ ಇಷ್ಟೇ. ವಿಚಿತ್ರ ಹಕ್ಕಿಯನ್ನು ನೋಡುವ ಮುಂಚೆ ಸಾದಾ ಹಕ್ಕಿಯನ್ನು ಕಣ್ಣಿಗೆ ಚೆನ್ನಾಗಿ ಇಳಿಸಿಕೊಳ್ಳಬೇಕು. ವರಟೆಯನ್ನು ನಾವು ದಿನಾ ನೋಡುತ್ತೇವೆ, ಅದಕ್ಕೇ ಸರಿಯಾಗಿ ನೋಡಿರುವುದಿಲ್ಲ.

ಮುಚಖಂಡಿಯದು ಬ್ರಿಟಿಷರ ಕಾಲದ, 1882ರ ಕೆರೆ. ಕಟ್ಟೆಯ ಕಲ್ಲಿನ ಮೇಲೆ ಕೂತರೆ ಸೂರ್ಯ ಬೆನ್ನಿಗೆ ಬೀಳುವ ಜಾಗ ಸಿಗುತ್ತದೆ, ಫೋಟೊದವರಿಗೆ ಅದಕ್ಕಿಂತ ದೊಡ್ಡ ಸೌಕರ್ಯ ಬೇಕಿಲ್ಲ. ವರಟೆಗಳು ದಂಡೆಯ ಜಂಬುಹುಲ್ಲಿನ ಬದಿಗೇ ಇದ್ದವು. ಕಪ್ಪು ಕೊಕ್ಕು, ತುದಿಗೆ ಅಚ್ಚ ಹಳದಿ, ಬುಡದಲ್ಲಿ ಕಣ್ಣಿನ ಕಡೆಗೆ ಒಂದೊಂದು ಕೆಂಪು ಚುಕ್ಕೆ. ಕಣ್ಣನ್ನು ಹಾಯ್ದು ಹೋಗುವ ಕಪ್ಪು ಗೆರೆ. ಮೈಯೆಲ್ಲ ಹುರುಪೆ ಹುರುಪೆ. ಮಡಚಿದ ರೆಕ್ಕೆಯ ಹಿಂಭಾಗದಲ್ಲಿ, ಬಾಲಕ್ಕೆ ಸ್ವಲ್ಪ ಮೊದಲು, ಬೆನ್ನಿನ ಮೇಲೆ ಎದ್ದು ಕಾಣುವ ಬಿಳಿ ಪಟ್ಟೆ. ರೆಕ್ಕೆ ಬಿಚ್ಚಿದರೆ ಹಸಿರು ಕನ್ನಡಿ. ಬಾತುಗಳ ರೆಕ್ಕೆಯ ಈ ಹೊಳೆಯುವ ಭಾಗವನ್ನು ಕನ್ನಡಿ ಅಂತಲೇ ಕರೆಯುತ್ತೇನೆ, ಮುಂದೆಯೂ ಹಾಗೇ ಬರೆಯುವೆ. ಕಾಲು ಕಿತ್ತಳೆಗೆಂಪು. ಮುಖ್ಯ ಸಂಗತಿ: ವರಟೆಯಲ್ಲಿ ಗಂಡು ಹೆಣ್ಣು ಹೆಚ್ಚೂಕಡಿಮೆ ಒಂದೇ ತೆರ. ಗಂಡಿಗೆಂದು ಹಸಿರು ತಲೆ, ಸುರುಳಿ ಬಾಲ ಇಂಥ ಶೃಂಗಾರ ಯಾವುದೂ ಇಲ್ಲ.

ಅಲ್ಲೇ ನಾಲ್ಕಾರು ಶೋವೆಲರ್ ಬಾತು ಇದ್ದವು. ಅಗಲ ಕೊಕ್ಕನ್ನು ನೀರಿಗೆ ಒತ್ತಿಕೊಂಡು ಸುತ್ತು ಹಾಕುತ್ತಿದ್ದವು. ಒಂದು ಗಂಡಿನ ಮುಖದ ಮೇಲೆ, ಕೊಕ್ಕಿಗೂ ಕಣ್ಣಿಗೂ ನಡುವೆ, ಮಾಸಲು ಬಿಳಿಯ ಅರ್ಧಚಂದ್ರ. ಹೊಸಬರು ಇದನ್ನು ಕಂಡರೆ ಬೆರಕೆ ಅಂತ ಕೂಗುತ್ತಾರೆ. ಅದು ಬೆರಕೆಯಲ್ಲ. ಬಾತಿನ ಗಂಡುಗಳು ಮರಿ ಮಾಡುವ ಕಾಲ ಮುಗಿದ ಮೇಲೆ ಬಣ್ಣದ ಗರಿಗಳನ್ನು ಉದುರಿಸಿ ಹೆಣ್ಣಿನ ಹಾಗೆ ಕಂದಾಗುತ್ತವೆ, ಆಮೇಲೆ ನಿಧಾನ ಮತ್ತೆ ಬಣ್ಣ ತುಂಬಿಕೊಳ್ಳುತ್ತವೆ. ಶೋವೆಲರ್ ಗಂಡಿಗೆ ಈ ನಡುಹಾದಿಯಲ್ಲಿ ಮುಖದ ಮೇಲೆ ಈ ಚಂದ್ರ ಮೂಡುತ್ತದೆ. ಗಾರ್ಗೆನಿ ಬಾತಿನ ಗಂಡಂತೂ ಚಳಿಗಾಲದ ಬಹುಪಾಲು ಕಂದು ವೇಷದಲ್ಲೇ ಕಳೆಯುತ್ತದೆ. ‘ವಿಚಿತ್ರ ಬಾತು’ ಅಂತ ಬರುವ ಹತ್ತು ಫೋಟೊಗಳಲ್ಲಿ ಹೆಚ್ಚಿನವು ಹೀಗೆ ಅರ್ಧ ಬಟ್ಟೆ ಬದಲಿಸಿ ನಿಂತ ಹಕ್ಕಿಗಳದೇ ಅನ್ನುವುದು ನನ್ನ ಅನುಭವ. ಮಾಸ್ತರರ ಹಕ್ಕಿಯೂ ಅಂಥದ್ದೇ ಇದ್ದೀತು ಅನ್ನುವ ಗುಮಾನಿ ಇಟ್ಟುಕೊಂಡೇ ಮಲಗಿದೆ.

ಶನಿವಾರ

ಬೆಳಕು ಹರಿಯುವ ಮುಂಚೆ ಮಾಸ್ತರರು ಬೈಕಿನಲ್ಲಿ ಬಂದರು. ಹೆರಕಲ್ ಹತ್ತಿರ ಘಟಪ್ರಭೆ ಈಗ ಹೊಳೆಯಾಗಿ ಉಳಿದಿಲ್ಲ. ಆಲಮಟ್ಟಿಯಲ್ಲಿ 519.60 ಮೀಟರಿಗೆ ನೀರು ನಿಂತಾಗ ಇಲ್ಲಿಯ ತನಕ ಎಲ್ಲ ಒಂದೇ ನೀರು. ಜನವರಿಯ ಹೊತ್ತಿಗೆ ನೀರು ಇಳಿಯುತ್ತ ದಂಡೆಯ ಕೆಸರು ತೆರೆದುಕೊಳ್ಳುತ್ತದೆ, ಗೊರವ ಹಕ್ಕಿಗಳಿಗೂ ಬಾತುಗಳಿಗೂ ಊಟ ಅಲ್ಲೇ. ನೀರು ಇನ್ನಷ್ಟು ಇಳಿದ ಮೇಲೆ ರಾಜಹಂಸಗಳು ಬರುತ್ತವೆ, ಆಗ ಕಾರುಗಳೂ ಬರುತ್ತವೆ. ನಾವು ಹೋದಾಗ ಇಬ್ಬರು ಮೀನುಗಾರರು ಬಿಟ್ಟರೆ ಯಾರೂ ಇರಲಿಲ್ಲ.

ಮಾಸ್ತರರು ಈ ಸೀಮೆಯವರೇ. ಅವರ ಹಳೇ ಮನೆ ಮುಳುಗಡೆಯಲ್ಲಿ ಹೋಗಿದೆ. ‘ಆ ಬಾತು ಕುಂತಿದ್ದಲ್ಲೇ ನಮ್ಮ ಸಾಲಿ ಇತ್ತು ನೋಡ್ರಿ’ ಅಂದರು, ಹೊಲದ ಗುರುತು ಹೇಳುವಷ್ಟು ಸಲೀಸಾಗಿ. ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೆ ಅವರು ಈ ದಂಡೆಯನ್ನು ಎಣಿಸುತ್ತಾರೆ. 1987ರಿಂದ ನಡೆದು ಬಂದ ಗಣತಿ ಅದು. ವಿಚಿತ್ರ ಬಾತು ಕಣ್ಣಿಗೆ ಬಿದ್ದದ್ದು ಅದರ ತಯಾರಿಗೆ ಬಂದಾಗಲೇ.

ಮಂಜು ಏಳುವ ತನಕ ಕೂತೆವು. ಮೊದಲು ಪಟ್ಟೆತಲೆ ಹೆಬ್ಬಾತುಗಳ ದನಿ, ಆಮೇಲೆ ಆಕಾರ. ಅವುಗಳ ಆಚೆ ಕಂದು ಬಣ್ಣದ ಬ್ರಾಹ್ಮಿಣಿ ಬಾತಿನ ಜೋಡಿ. ವರಟೆಯ ಹಿಂಡು ಎಡಗಡೆಯ ನಡುಗಡ್ಡೆಯ ಅಂಚಿಗೆ ನಿಧಾನ ಈಜುತ್ತ ಬಂತು, ಮಾಸ್ತರರು ಬೆರಳು ತೋರಿಸುವ ಮುಂಚೆಯೇ ಅದು ಕಂಡಿತು.

ಮೊದಲು ಕಂಡದ್ದು ಬಣ್ಣವಲ್ಲ, ಗಾತ್ರ. ಪಕ್ಕದ ವರಟೆಗಿಂತ ಮೈ ತುಸು ದಪ್ಪ, ಹಿಂಭಾಗ ನೀರಿನಲ್ಲಿ ಕೆಳಗೆ ಕೂತಿತ್ತು. ನೆತ್ತಿ ಮತ್ತು ಕತ್ತಿನ ಹಿಂಬದಿ ಕಪ್ಪು, ತಲೆ ತಿರುಗಿಸಿದಾಗ ಹಸಿರು ಮಿಂಚು. ಕೆನ್ನೆ ಬೂದುಗಂದು. ಎದೆ ಕಡುಗಂದು, ಅದರ ನಡುವೆ ಮಾಸಿದ ಬಿಳಿಯ ಒಂದು ಅಂಕುಡೊಂಕು ಮಚ್ಚೆ. ಪಕ್ಕೆಯ ಮೇಲೆ ಹುರುಪೆ ಇತ್ತು, ಆದರೆ ವರಟೆಯಷ್ಟು ಬಿಡಿಬಿಡಿಯಲ್ಲ, ಒಂದರೊಳಗೊಂದು ಕಲೆಸಿದ ಹಾಗೆ. ಕೊಕ್ಕು ಹಸಿರುಹಳದಿ, ಮೇಲೆ ಕಪ್ಪು ಬಳಿದಂತೆ, ತುದಿ ಹಳದಿ. ಬುಡದಲ್ಲಿ ಕೆಂಪು ಚುಕ್ಕೆ ಹುಡುಕಿದೆ, ಸಿಗಲಿಲ್ಲ.

ಆಗಿನಿಂದ ಕ್ಯಾಮೆರಾ ಕೆಳಗಿಡಲಿಲ್ಲ. ಇಂಥ ಹಕ್ಕಿಗೆ ಚೆಂದದ ಫೋಟೊ ಬೇಕಿಲ್ಲ, ಉತ್ತರ ಕೊಡುವ ಫೋಟೊ ಬೇಕು. ಒಂಟಿಯಾಗಿ ತುಂಬು ಚೌಕಟ್ಟಿನಲ್ಲಿ ನಿಂತ ಬಾತು ಗೋಡೆಗೆ ಹಾಕಲು ಚೆಂದ, ಗಾತ್ರದ ಬಗ್ಗೆ ಅದು ಏನೂ ಹೇಳುವುದಿಲ್ಲ. ಪಕ್ಕದಲ್ಲಿ ವರಟೆ ಇರುವ ಚಿತ್ರ ನೂರು ಪಾಲು ಮೇಲು. ಎರಡೂ ಪಕ್ಕೆ ಬೇಕು, ಬೆನ್ನು ಬೇಕು, ಬಾಲದ ಬುಡ ಬೇಕು, ನೀರಿನಿಂದ ಎದ್ದಾಗ ಕಾಲು ಬೇಕು, ರೆಕ್ಕೆ ಬಿಚ್ಚಿದ್ದು ಬೇಕೇ ಬೇಕು. ಬೆಳಗಿನ ಮೊದಲ ಬಿಸಿಲು ಎಲ್ಲ ಬಿಳಿಯನ್ನೂ ಹಳದಿ ಮಾಡುತ್ತದೆ, ಆದ್ದರಿಂದ ಕೊಕ್ಕಿನ ಬಣ್ಣವನ್ನು ಆ ಚಿತ್ರಗಳ ಮೇಲೆ ನಂಬಬಾರದು. ಕ್ಯಾಮೆರಾ ತಿದ್ದದೆ ಉಳಿಸುವ ರಾ ಫೈಲಿನಲ್ಲಿ ತೆಗೆದು, ಬಿಳಿಭಾಗ ಸುಟ್ಟುಹೋಗದಂತೆ ಬೆಳಕು ತುಸು ತಗ್ಗಿಸಿ ಹಿಡಿದರೆ ಬೆನ್ನಿನ ಬಿಳಿ ಪಟ್ಟೆ ಪೂರ್ತಿ ಬಿಳಿಯೋ ಬೂದೋ ಅನ್ನುವುದು ಉಳಿಯುತ್ತದೆ. ಉಳಿಯಿತು. ಬೂದು.

ಬಿಸಿಲೇರಿದ ಮೇಲೆ ನೀರಿನ ಮೇಲೆ ಝಳ ಎದ್ದಿತು. ಆಮೇಲೆ ಎಷ್ಟು ದೊಡ್ಡ ಲೆನ್ಸ್ ಇದ್ದರೂ ಗರಿಯ ಅಂಚು ಕರಗಿ ಹೋಗುತ್ತದೆ. ಮೀನುಗಾರರಲ್ಲಿ ಒಬ್ಬರು ನಮ್ಮ ಪಾಡು ನೋಡಿ ಕರೆದರು.

‘ತೆಪ್ಪದಾಗ ಬರ್ರಿ ಸರ, ಸಮೀಪ ಒಯ್ತೀನಿ. ಇಲ್ಲಿಂದ ಏನ್ ಕಾಣತೈತಿ?’

‘ಬ್ಯಾಡ ಅಣ್ಣಾರ, ಹಾರಿ ಹೋಗತೈತಿ. ಉಣ್ಣಾಕ ಬಂದಾವ, ಉಣ್ಣಲಿ’ ಅಂದರು ಮಾಸ್ತರರು.

ಮೀನುಗಾರರಿಗೆ ನಗು ಬಂತು. ‘ಅದು ನಮಗ ಹೆದರೂದಿಲ್ರಿ. ಉಳದುವು ಹಾರತಾವ, ಅದು ಒಂದ ಕಡೀಗೆ ಏಳತೈತಿ.’

ಈ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಗರಿಯ ಬಣ್ಣದಷ್ಟೇ ತೂಕ ಇದಕ್ಕೂ ಇದೆ. ಸೈಬೀರಿಯಾದಿಂದ ಬೇಟೆಗಾರರ ನಡುವೆ ಹಾರಿ ಬಂದ ಹಕ್ಕಿ ಮನುಷ್ಯನನ್ನು ಕಂಡು ಕೊನೆಗೆ ಏಳುವುದಿಲ್ಲ.

ರವಿವಾರ

ಬೇಕಾಗಿದ್ದ ರೆಕ್ಕೆಯ ಚಿತ್ರವನ್ನು ನಮಗೆ ಒದಗಿಸಿದ್ದು ಜೌಗುಸೆಳವ ಅನ್ನುವ ಒಂದು ಬೇಟೆಹಕ್ಕಿ. ಬೆಳಿಗ್ಗೆ ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತ ಬಂತು, ಇಡೀ ದಂಡೆಯ ಬಾತುಗಳು ಒಮ್ಮೆಲೇ ಎದ್ದವು. ಮೀನುಗಾರರು ಹೇಳಿದ್ದು ಖರೆ, ನಮ್ಮ ಹಕ್ಕಿ ಕೊನೆಯದು. ಬರಿ ಬರಿ ಗುಂಡಿ ಒತ್ತುತ್ತ ಹೋದೆ. ಸೆಳವ ಏನೂ ಸಿಗದೆ ಮುಂದೆ ಹೋಯಿತು.

ದಂಡೆಯ ಜಾಲಿ ನೆರಳಿನಲ್ಲಿ ಕೂತು ಕ್ಯಾಮೆರಾದ ಪರದೆಯ ಮೇಲೆ ಚಿತ್ರ ಹಿಗ್ಗಿಸಿದೆವು. ರೆಕ್ಕೆಯ ಕನ್ನಡಿ ನೀಲಿನೇರಳೆ. ಅದರ ಮುಂದೆ ಹಿಂದೆ ಎರಡೂ ಕಡೆ ಸ್ಪಷ್ಟ ಬಿಳಿ ಅಂಚು. ಇದು ಮಲ್ಲಾರ್ಡಿನ ರೆಕ್ಕೆ. ಬೆನ್ನಿನ ಬೂದುಬಿಳಿ ಪಟ್ಟೆ ವರಟೆಯದು. ಹಾರುವಾಗ ಬಾಲದ ಮೇಲೆ ಎರಡು ಕಪ್ಪು ಗರಿ ಮೇಲಕ್ಕೆ ಬಾಗಿದ್ದವು, ಪೂರ್ತಿ ಸುರುಳಿಯಾಗಿರಲಿಲ್ಲ. ಆ ಸುರುಳಿ ಮಲ್ಲಾರ್ಡ್ ಗಂಡಿನ ಮುದ್ರೆ. ಕಾಲು ಉಜ್ವಲ ಕಿತ್ತಳೆ.

ಮಾಸ್ತರರು ಸುಲಭಕ್ಕೆ ಒಪ್ಪುವವರಲ್ಲ. ಒಂದೊಂದನ್ನೇ ಮುಂದಿಟ್ಟರು, ನಾನು ತೆಗೆದು ಹಾಕಬೇಕು. ಸೂಜಿಬಾಲದ ಬಾತಿನ ಬೆರಕೆ ಯಾಕಲ್ಲ? ಅದರ ರಕ್ತವಿದ್ದರೆ ಕತ್ತು ಸಪೂರ, ಕೊಕ್ಕಿನ ಬದಿ ನೀಲಿಬೂದು, ಬಾಲದ ನಡುಗರಿ ಉದ್ದ ಇರಬೇಕು, ಒಂದೂ ಇಲ್ಲ. ಗ್ಯಾಡ್ವಾಲ್? ಅದರ ಕನ್ನಡಿ ಬಿಳಿ, ಬೆರಕೆಯಲ್ಲೂ ಬಿಳಿಯ ಪಾಲು ಇರುತ್ತದೆ. ಬರೇ ಬಣ್ಣಗೆಟ್ಟ ವರಟೆ? ಬಣ್ಣಗೆಟ್ಟರೆ ಬಿಳಿ ಮಚ್ಚೆ ಬರಬಹುದು, ಹಸಿರು ನೆತ್ತಿಯೂ ಬಾಗಿದ ಬಾಲವೂ ನೀಲಿ ಕನ್ನಡಿಯೂ ಬರುವುದಿಲ್ಲ. ಅರ್ಧ ಬಣ್ಣದ ಮಲ್ಲಾರ್ಡ್ ಗಂಡು? ಅದಕ್ಕೆ ಬೆನ್ನಿನ ಪಟ್ಟೆ ಎಲ್ಲಿಂದ ಬರಬೇಕು? ಮೊಬೈಲಿನ ಆ್ಯಪಿಗೂ ತೋರಿಸಿದರು. ಈಜುವ ಚಿತ್ರಕ್ಕೆ ವರಟೆ ಅಂತು, ಹಾರುವ ಚಿತ್ರಕ್ಕೆ ಮಲ್ಲಾರ್ಡ್ ಅಂತು. ಅದರ ಮಟ್ಟಿಗೆ ಎರಡೂ ಸರಿ.

ಮಧ್ಯಾಹ್ನದ ಝಳದಲ್ಲಿ ಕೆಲಸವಿಲ್ಲ. ಅನಗವಾಡಿ, ಬೀಳಗಿ ದಾಟಿ, ಕೃಷ್ಣೆಯ ಮೇಲಿನ ಆ ಮೂರು ಕಿಲೋಮೀಟರಿನ ಸೇತುವೆ ಹಾಯ್ದು ಕೊಲ್ಹಾರಕ್ಕೆ ಹೋದೆವು. ಹಕ್ಕಿಗೋಸ್ಕರ ಅಲ್ಲ, ಗಡಿಗಿ ಮೊಸರಿಗೋಸ್ಕರ. ಗಡಿಗೆ ಬೋರಲು ಹಾಕಿದರೂ ಬೀಳದ ಮೊಸರು, ಕಟಿ ರೊಟ್ಟಿ, ಶೇಂಗಾ ಹಿಂಡಿ. ಮಾಸ್ತರರು ಉಣ್ಣುತ್ತಲೇ ಕೇಳಿದರು: ‘ಎರಡು ಜಾತಿ ಕೂಡತಾವ ಅಂದ್ರ ಜಾತಿ ಅನ್ನೂದಕ್ಕ ಅರ್ಥ ಏನ್ ಉಳೀತ್ರಿ ಮತ್ತ?’

ಬಾತುಗಳಲ್ಲಿ ಆ ಗೆರೆ ಸಡಿಲ. ಹಕ್ಕಿಗಳಲ್ಲಿ ಸುಮಾರು ಹತ್ತು ಜಾತಿಗೆ ಒಂದು ಕಾಡಿನಲ್ಲಿ ಬೇರೆ ಜಾತಿಯೊಡನೆ ಕೂಡಿದ ದಾಖಲೆ ಇದೆ. ಬಾತು ಹೆಬ್ಬಾತುಗಳ ಕುಟುಂಬ ಇದರಲ್ಲಿ ಎಲ್ಲರಿಗಿಂತ ಮುಂದೆ, ಸಾಕಿದವೂ ಸೇರಿ ನಾನೂರಕ್ಕೂ ಹೆಚ್ಚು ಜೋಡಣೆಗಳು ದಾಖಲಾಗಿವೆ. ಅಮೆರಿಕದ ಹಕ್ಕಿಚಿತ್ರಕಾರ ಆಡುಬಾನ್ ಒಂದು ಬಾತನ್ನು ಹೊಸ ಜಾತಿ ಅಂತ ಬರೆದು ಗೆಳೆಯನ ಹೆಸರಿಟ್ಟಿದ್ದ. ಆಮೇಲೆ ಅದು ಮಲ್ಲಾರ್ಡ್ ಮತ್ತು ಗ್ಯಾಡ್ವಾಲ್ ಬೆರಕೆ ಅಂತ ತಿಳಿಯಿತು. ಕಾರಣಗಳು ಹಲವು. ವಲಸೆ ಬಾತುಗಳು ಜೋಡಿಯಾಗುವುದು ಗೂಡು ಕಟ್ಟುವ ಊರಿನಲ್ಲಲ್ಲ, ಚಳಿಗಾಲದ ನೀರಿನಲ್ಲಿ. ಅಲ್ಲಿ ಹತ್ತು ಜಾತಿ ಒಟ್ಟಿಗಿರುತ್ತವೆ, ಗಂಡು ತನಗೆ ಒಪ್ಪಿದ ಹೆಣ್ಣಿನ ಬೆನ್ನು ಹತ್ತಿ ಅವಳ ತವರಿಗೆ ಹೋಗುತ್ತದೆ. ಕೆಲವು ಬಾತುಗಳು ಬೇರೆಯವರ ಗೂಡಿನಲ್ಲಿ ಮೊಟ್ಟೆ ಇಡುತ್ತವೆ, ಅಲ್ಲಿ ಬೆಳೆದ ಮರಿ ಸಾಕಿದವಳನ್ನೇ ತನ್ನ ಜಾತಿ ಅಂದುಕೊಳ್ಳುತ್ತದೆ. ಮತ್ತೆ ಮಲ್ಲಾರ್ಡ್ ಗಂಡುಗಳು ಬಲವಂತಕ್ಕೂ ಹೆಸರಾದವು.

ಕಣ್ಣಿಗೆ ಬೀಳುವ ಬೆರಕೆಗಳು ಹೆಚ್ಚಾಗಿ ಗಂಡೇ ಆಗಿರುವುದಕ್ಕೆ ಅರ್ಧ ಕಾರಣ ನಮ್ಮ ಕಣ್ಣು, ಕಂದು ಹೆಣ್ಣಿನಲ್ಲಿ ಬೆರಕೆ ಗುರುತಿಸುವುದು ಬಲು ಕಷ್ಟ. ಇನ್ನರ್ಧಕ್ಕೆ 1922ರಲ್ಲಿ ಬ್ರಿಟಿಷ್ ಜೀವವಿಜ್ಞಾನಿ ಹಾಲ್ಡೇನ್ ಹೇಳಿದ ನಿಯಮವಿದೆ. ಬೆರಕೆ ಸಂತಾನದಲ್ಲಿ ಎರಡು ಬೇರೆ ಲಿಂಗವರ್ಣತಂತು ಹೊತ್ತ ಲಿಂಗಕ್ಕೇ ಪೆಟ್ಟು ಜಾಸ್ತಿ. ಮನುಷ್ಯರಲ್ಲಿ ಆ ಲಿಂಗ ಗಂಡು, ಹಕ್ಕಿಗಳಲ್ಲಿ ಹೆಣ್ಣು. ಹಾಲ್ಡೇನ್ ಮುಂದೆ ಭಾರತಕ್ಕೇ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು ಅಂದಾಗ ಮಾಸ್ತರರು ರೊಟ್ಟಿ ಮುರಿಯುವುದು ನಿಲ್ಲಿಸಿ, ‘ನಮ್ಮವರ ಅನ್ನ್ರಿ ಹಂಗಾದ್ರ’ ಅಂದರು.

ಉಳಿದದ್ದು ಒಂದೇ ಪ್ರಶ್ನೆ, ಅದೇ ದೊಡ್ಡದು. ವರಟೆ ಇಲ್ಲೇ ಇದ್ದು ಇಲ್ಲೇ ಮರಿ ಮಾಡುವ ಹಕ್ಕಿ, ಮಳೆ ಬಿದ್ದ ಮೇಲೆ ದಂಡೆಯ ಹುಲ್ಲಿನಲ್ಲಿ ಗೂಡು ಕಟ್ಟುತ್ತದೆ. ಆ ಹೊತ್ತಿಗೆ ಕಾಡು ಮಲ್ಲಾರ್ಡ್ ಇಲ್ಲಿಂದ ಸಾವಿರಾರು ಕಿಲೋಮೀಟರ್ ಆಚೆ ಇರುತ್ತದೆ. ಹಾಗಾದರೆ ತಂದೆ ಎಲ್ಲಿಂದ ಬಂದ? ದಪ್ಪ ಮೈ, ಎದೆಯ ಬಿಳಿ ಮಚ್ಚೆ, ಮನುಷ್ಯರಿಗೆ ಹೆದರದ ಗುಣ, ಮೂರೂ ಒಂದೇ ದಿಕ್ಕಿಗೆ ಕೈ ತೋರಿಸುತ್ತಿದ್ದವು. ಮಸ್ಕೊವಿ ಒಂದನ್ನು ಬಿಟ್ಟರೆ ಜಗತ್ತಿನ ಸಾಕುಬಾತುಗಳೆಲ್ಲ ಮಲ್ಲಾರ್ಡಿನ ವಂಶದವೇ. ಖಾಕಿ ಕ್ಯಾಂಪ್‌ಬೆಲ್ ಅನ್ನುವ ಮೊಟ್ಟೆ ಬಾತಿನ ತಳಿಯಲ್ಲೂ ಅದೇ ರಕ್ತ.

‘ಸುತ್ತಮುತ್ತ ಯಾರರ ಬಾತು ಸಾಕ್ಯಾರೇನ್ರಿ?’ ಅಂತ ಕೇಳಿದೆ.

ಮಾಸ್ತರರು ಮೊಸರಿನ ಗಡಿಗೆ ಕೆಳಗಿಟ್ಟರು. ‘ಐತ್ರಿ. ನಮ್ಮ ಸಾಲಿ ಹುಡುಗನ ಮನ್ಯಾಗ.’

ಸೋಮವಾರ

ಹಿನ್ನೀರಿನ ದಂಡೆಯಿಂದ ಕೂಗಳತೆಯ ತೋಟದ ಮನೆ. ಅಂಗಳಕ್ಕೆ ಕಾಲಿಡುವ ಮೊದಲೇ ಸದ್ದು ಕೇಳಿತು. ಹುಡುಗನ ಅಜ್ಜಿ ಬಣವೆಯ ಬದಿ ಕೂತಿದ್ದರು. ಮಾಸ್ತರರನ್ನು ಕಂಡು ಮೊಮ್ಮಗ ಏನೋ ಕಿತಾಪತಿ ಮಾಡಿರಬೇಕು ಅಂದುಕೊಂಡು ಎದ್ದು ನಿಂತರು.

‘ಹುಡುಗನ ಸುದ್ದಿ ಅಲ್ಲಬೇ, ಬಾತಿನ ಸುದ್ದಿ’ ಅಂದಾಗ ಮತ್ತೆ ಕೂತರು, ನಮಗೂ ಕಂಬಳಿ ಹಾಸಲು ಹೇಳಿದರು.

ಎಂಟ್ಹತ್ತು ಬಾತುಗಳು ಕಬ್ಬಿನ ಕಾಲುವೆಯಲ್ಲಿ ಕೆಸರು ಕೆದಕುತ್ತಿದ್ದವು. ಹೆಚ್ಚಿನವು ಖಾಕಿ ಬಣ್ಣದ ಹೆಣ್ಣು. ಒಂದು ಗಂಡು ಹಸಿರು ತಲೆ, ಕತ್ತಿಗೆ ಬಿಳಿ ಉಂಗುರ. ಇನ್ನೊಂದು ಕಡುಕಪ್ಪು, ಎದೆಯ ನಡುವೆ ದೊಡ್ಡ ಬಿಳಿ ಮಚ್ಚೆ. ಎರಡರ ಬಾಲದ ಮೇಲೂ ಸುರುಳಿ. ಮಾಸ್ತರರು ನನ್ನ ಮುಖ ನೋಡಿದರು, ನಾನು ಆ ಮಚ್ಚೆಯ ಚಿತ್ರ ತೆಗೆದುಕೊಂಡೆ.

‘ಹಿನ್ನೀರಿಗೆ ಹೋಗತಾವೇನಬೇ ಇವು?’

‘ಮಳಿಗಾಲದಾಗ ನೀರು ತ್ವಾಟದ ತನಕ ಬರತೈತಲ್ರಿ. ಆವಾಗ ಹೊಕ್ಕಾವ, ಸಂಜೀಕ ಬರತಾವ. ಹಿಂದ ಒಂದು ಗಂಡು ಹ್ವಾದದ್ದು ತಿರುಗಿ ಬರಲಿಲ್ಲ. ನರಿ ತಿಂದಿರಬೇಕು ಅಂದ್ಕೊಂಡೆ.’

ಚಿತ್ರ ತೋರಿಸಿದೆವು. ಅಜ್ಜಿ ಕ್ಯಾಮೆರಾ ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ‘ಎದಿ ನಮ್ದು. ಬೆನ್ನು ಕಾಡಿಂದು’ ಅಂದರು. ನಾವು ಕೊಲ್ಹಾರದ ತನಕ ಹೋಗಿ ಬಂದು ಹೇಳಿದ್ದೂ ಅದನ್ನೇ.

ನನ್ನ ತೀರ್ಮಾನ ಹೀಗೆ ನಿಂತಿತು: ಸಾಕುಬಾತು ಮತ್ತು ವರಟೆಯ ಬೆರಕೆ, ಗಂಡು, ಪೂರ್ಣ ಬೆಳೆದದ್ದು. ಇದೇ ಅಂಗಳದ ಗಂಡಿನ ಮಗ ಅಂತ ಬರೆಯಲು ಫೋಟೊ ಸಾಲದು, ನೆರೆಯ ಯಾವ ಅಂಗಳವೂ ಆಗಬಹುದು. ಮೊದಲ ತಲೆಮಾರಿನ ಬೆರಕೆಯೋ, ಬೆರಕೆಯ ಮಗನೋ ಅನ್ನುವುದನ್ನೂ ಗರಿ ನೋಡಿ ಖಚಿತ ಮಾಡಲಾಗದು. ‘ಮಲ್ಲಾರ್ಡ್’ ಅಂತ ಮಾತ್ರ ಬರೆಯಕೂಡದು. ಬರೆದರೆ ಬಾಗಲಕೋಟೆಯ ಪಟ್ಟಿಗೆ ಒಂದು ಸುಳ್ಳು ವಲಸೆ ಹಕ್ಕಿ ಸೇರುತ್ತದೆ, ಆಮೇಲೆ ಅದನ್ನು ಅಲ್ಲಿಂದ ತೆಗೆಯುವುದು ಹಕ್ಕಿ ಹುಡುಕುವುದಕ್ಕಿಂತ ಕಷ್ಟ. ಮಾಸ್ತರರು ಗಣತಿಯ ಹಾಳೆಯಲ್ಲಿ ಬೆರಕೆ ಅಂತಲೇ ಬರೆದು, ಪಕ್ಕದಲ್ಲಿ ರೆಕ್ಕೆ, ಬಾಲ, ಎದೆ ಅಂತ ಮೂರು ಚಿತ್ರದ ನಂಬರು ಹಾಕಿದರು.

ಅಜ್ಜಿಗೆ ಬೇರೆಯದೇ ಲೆಕ್ಕ. ‘ನಮ್ಮ ಬಾತಿನ ಮಗಾ ಅಂದ್ರ ನಮ್ದ ಅಲ್ಲೇನು? ಹಿಡದು ಕೊಡ್ರಿ ಮತ್ತ.’

‘ಅವ್ವಾ, ಕಾಡಹಕ್ಕಿ ಹಿಡಿಯಾಕ ಹ್ವಾದ್ರ ಕೇಸ್ ಆಗತೈತಿ. ಹಿಂಡಿನ್ಯಾಗ ಬಲಿ ಹಾಕಿದ್ರ ವರಟಿನೂ ಬೀಳತಾವ’ ಅಂದರು ಮಾಸ್ತರರು. 1972ರ ವನ್ಯಜೀವಿ ಕಾಯ್ದೆಯನ್ನು ಅಷ್ಟು ಸರಳವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆಮೇಲೆ ನಾನು ಹೇಳಬೇಕಾದದ್ದನ್ನು ಹೇಳಿದೆ. ಮಲ್ಲಾರ್ಡಿನ ಹತ್ತಿರದ ಬಳಗದಲ್ಲಿ ಬೆರಕೆಗಳು ಬಂಜೆಯಲ್ಲ, ಅವಕ್ಕೂ ಮರಿ ಆಗುತ್ತವೆ. ನ್ಯೂಜಿಲೆಂಡಿನಲ್ಲಿ ಹೊರಗಿನಿಂದ ತಂದು ಬಿಟ್ಟ ಮಲ್ಲಾರ್ಡುಗಳು ಅಲ್ಲಿಯ ಬೂದು ಬಾತಿನೊಡನೆ ಬೆರೆತು ಬೆರೆತು, ಶುದ್ಧ ಬೂದು ಬಾತು ಹುಡುಕಬೇಕಾದ ಸ್ಥಿತಿ ಬಂದಿದೆ. ದಕ್ಷಿಣ ಆಫ್ರಿಕಾದಲ್ಲಿ ಹಳದಿ ಕೊಕ್ಕಿನ ಬಾತಿಗೆ ಅದೇ ಗಂಡಾಂತರ. ಹವಾಯಿಯಲ್ಲಿ, ಫ್ಲಾರಿಡಾದಲ್ಲಿ ಅದೇ ಕಥೆ. ಘಟಪ್ರಭೆಯ ದಂಡೆಯಲ್ಲಿ ಒಂದು ಗಂಡು ತಪ್ಪಿಸಿಕೊಂಡರೆ ವರಟೆಯ ವಂಶ ಮುಳುಗುವುದಿಲ್ಲ. ಆದರೆ ಮಳೆಗಾಲಕ್ಕೊಂದು ಗಂಡು ತಪ್ಪಿಸಿಕೊಳ್ಳುತ್ತಿದ್ದರೆ? ಅಂಥ ಅಂಗಳಗಳು ಈ ಹಿನ್ನೀರಿನ ಸುತ್ತ ಹೆಚ್ಚುತ್ತ ಹೋದರೆ? ಮಾಸ್ತರರ ಫೋಟೊ ಬಂದಾಗ ನನಗೆ ಆಗಿದ್ದ ಸಂಭ್ರಮ ಈ ಹೊತ್ತಿಗೆ ಅರ್ಧ ಇಳಿದಿತ್ತು.

ಅಜ್ಜಿ ಎಲ್ಲ ಕೇಳಿಸಿಕೊಂಡರು. ‘ಹಂಗಾದ್ರ ಮಳಿಗಾಲದಾಗ ಗಂಡ ಬಾತು ಕೂಡಿಹಾಕಬೇಕು ಅಂತೀರಿ.’

‘ಹೌದಬೇ. ನೀರು ತ್ವಾಟಕ್ಕ ಬಂದಾಗ ಅಷ್ಟ.’

‘ತಂತಿ ಜಾಲಿ ನೀವ ತಂದು ಹಾಕಿ ಕೊಡ್ರಿ. ನಮ್ಮ ಹುಡುಗ ಕಂಬ ನಿಲ್ಲಸ್ತಾನ.’

ಮಾಸ್ತರರು ಅಲ್ಲೇ ಹೆಜ್ಜೆ ಹಾಕಿ ಕಾಲುವೆಯ ಬದಿ ಅಳೆದರು. ಬೀಳಗಿಯ ಅಂಗಡಿಗೆ ಫೋನ್ ಹಚ್ಚಿ ಕೋಳಿ ಜಾಲಿ ಫೂಟಿಗೆ ಎಷ್ಟು ಅಂತ ಕೇಳಿದರು. ಅರ್ಧ ರೊಕ್ಕ ನನ್ನದು ಅಂತ ಒಪ್ಪಂದವಾಯಿತು. ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು, ಹುಡುಗನನ್ನು ಕರಕೊಂಡು ಗದ್ದನಕೇರಿ ಕ್ರಾಸಿನ ತನಕ ಮೂವರೂ ಒಂದೇ ಬೈಕಿನಲ್ಲಿ ಬಂದೆವು.